ಹೊಳಿ ಹಾದಿಗೆ ಕೂತಾಕಿ

ಅಮರೇಶನ ಫೋನ್ ಬಂದಾಗ ನಾನು ಪರೀಕ್ಷೆಯ ಕೆಲಸಕ್ಕೆಂದು ಲಿಂಗಸುಗೂರಿಗೆ ಹೋಗಿದ್ದೆ. "ಅಣ್ಣಾ, ದೊಡ್ಡವ್ವ ಹೋದಳು," ಎಂದ. ಮಣ್ಣು ಎಷ್ಟೊತ್ತಿಗೆ ಎಂದು ಕೇಳಿದೆ. "ಸಂಜಿಮುಂದ. ಬೀಗರು ಬರೂತನ ಕಾಯ್ತೀವಿ. ನೀ ಗಡಿಬಿಡಿ ಮಾಡಬ್ಯಾಡ," ಎಂದ. ಸಿಂಧನೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಆಕೆಯನ್ನು ನೆನೆಯುತ್ತಿದ್ದೇನೆ ಎಂದೇ ತಿಳಿದಿದ್ದೆ. ಮಸ್ಕಿಯ ಗುಡ್ಡ ಕಾಣಿಸಿದಾಗ ಗೊತ್ತಾಯಿತು, ಅಷ್ಟು ಹೊತ್ತೂ ನಾನು ಒಂದೇ ಒಂದು ಸಂಗತಿಯನ್ನು ನೆನಪಿಗೆ ತಂದುಕೊಳ್ಳಲು ಒದ್ದಾಡುತ್ತಿದ್ದೆ: ಹೊಳೆಗೆ ಹೋಗುವವರಿಗೆ ಆಕೆ ನೀರು ಕೊಡುತ್ತಿದ್ದದ್ದು ಯಾವುದರಲ್ಲಿ?

ಸತ್ತವರನ್ನು ನೆನೆಯುವಾಗ ಕೇಳಿಕೊಳ್ಳುವ ಪ್ರಶ್ನೆ ಇದಲ್ಲ. ಆದರೆ ಆಕೆಯ ಕೊನೆಯ ದಿನಗಳೆಲ್ಲ ಇದರ ಸುತ್ತಲೇ ಗಿರಕಿ ಹೊಡೆದವು. ನನಗಂತೂ ಉತ್ತರ ಗೊತ್ತಿಲ್ಲ. ಗೊತ್ತಿದೆ ಎಂದುಕೊಂಡಿದ್ದ ದಿನಗಳಿದ್ದವು.

ಆಕೆ ನನ್ನ ರಕ್ತಸಂಬಂಧಿಯಲ್ಲ. ಊರಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಆಕೆಯ ಗಂಡನನ್ನು ನಮ್ಮಪ್ಪ ಅಣ್ಣ ಎನ್ನುತ್ತಿದ್ದ, ಹಾಗಾಗಿ ನಮಗೆ ದೊಡ್ಡವ್ವ. ಗಂಡ ಬೇಗ ಹೋದ, ಮಕ್ಕಳಾಗಲಿಲ್ಲ. ಮೈದುನನ ಮಗ ಅಮರೇಶ ಹೊಲ ನೋಡಿಕೊಳ್ಳುತ್ತಿದ್ದ. ನಾವು ಸಿಂಧನೂರಿಗೆ ಬಂದು ನೆಲೆಸಿ, ನಾನು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದ ಮೇಲೂ ರವಿವಾರ ಬಂತೆಂದರೆ ನನಗೆ ಊರ ಕಡೆ ಗಾಡಿ ತಿರುಗಿಸುವ ಚಟ. ಯಾಕೆ ಹೋಗುತ್ತಿದ್ದೆನೋ. ಅಲ್ಲಿ ಹೋದರೆ ಇಲ್ಲಿಗೆ ಬರಬೇಕೆನ್ನಿಸುತ್ತಿತ್ತು.

ಊರು ಮುಕ್ಕುಂದದಿಂದ ಮುಂದೆ, ತುಂಗಭದ್ರೆಯ ದಂಡೆಗೆ. ಹೆಸರು ಬೇಡ, ಬೇಕಾದಷ್ಟು ಹೆಸರಾಗಿದೆ. ಡಾಂಬರು ರಸ್ತೆಗೂ ಹೊಳೆಯ ಮರಳಿಗೂ ನಡುವೆ ದೊಡ್ಡವ್ವನ ಮನೆತನದ ಗದ್ದೆಗಳು. ಗದ್ದೆಗಳ ನಡುವೆ ಒಂದು ಬಂಡಿ ಹಾಯುವಷ್ಟು ಅಗಲದ ಹಾದಿ. ಹಾದಿಯ ತಲೆಗೆ, ರಸ್ತೆಗೆ ತಾಗಿ, ಆಕೆಯ ಮನೆ ಮತ್ತು ಮನೆಯ ಮುಂದೆ ತಗಡಿನ ಚಪ್ಪರ. ಆ ಹಾದಿಯನ್ನು ಬಿಟ್ಟದ್ದು ಆಕೆಯ ಮಾವನ ಅಪ್ಪ. ಮಸ್ಕಿ ಆಚೆಯ ಒಣಭೂಮಿಯ ಊರುಗಳಿಂದ ಸಂಕ್ರಮಣಕ್ಕೆ ಬಂಡಿ ಕಟ್ಟಿಕೊಂಡು ಮೀಯಲು ಬರುವವರಿಗೆ, ಸೂತಕ ಕಳೆದುಕೊಳ್ಳಲು ಬರುವವರಿಗೆ, ದೇವರ ಪಲ್ಲಕ್ಕಿಯನ್ನು ಹೊಳೆಗೆ ತರುವವರಿಗೆ ಎಂದು ಬಿಟ್ಟದ್ದು. ಕಾಲುವೆಯ ನೀರು ಬಂದು, ಭತ್ತ ಬಂದು, ದಢೇಸುಗೂರಿನ ತನಕ ಎಲ್ಲರೂ ತಮ್ಮ ತಮ್ಮ ಬದುವನ್ನೂ ಕೆತ್ತಿ ಗದ್ದೆಗೆ ಸೇರಿಸಿಕೊಂಡ ಕಾಲದಲ್ಲೂ ಆ ಮನೆಯವರು ಹಾದಿಗೆ ಗುದ್ದಲಿ ಮುಟ್ಟಿಸಲಿಲ್ಲ.

ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆ ಆಕೆಗೆ ಒಪ್ಪಿಸಿದ್ದು ಈ ಹಾದಿಯನ್ನು. ಒಪ್ಪಿಸುವುದೆಂದರೆ ಬೇರೇನಿಲ್ಲ, ಕೈಯಲ್ಲಿ ಶೇಂಗಾವೋ ತೊಗರಿಯೋ ಏನಾದರೊಂದು ಬಿಡಿಸುವ ಕೆಲಸ ಹಿಡಿದು ಚಪ್ಪರದ ಕೆಳಗೆ ಕೂಡುವುದು. ಹೊಳೆಗೆ ಹೋಗುವವರು ಬಂದರೆ ಮೂರು ಮಾತು ಕೇಳುವುದು. ಯಾವೂರು? ಯಾರ ಮನಿಯವರು? ಯಾವ ಮಂದಿ? ಆಮೇಲೆ ನೀರು, ಒಂದು ಚೂರು ಬೆಲ್ಲ. ಮೂರನೆಯ ಪ್ರಶ್ನೆ ಏನನ್ನು ಕೇಳುತ್ತದೆ ಎಂದು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವೆಲ್ಲ ಅದನ್ನು ಕೇಳುತ್ತೇವೆ. ಓದಿದವರು ಸುತ್ತು ಹಾಕಿ ಕೇಳುತ್ತೇವೆ.

ಆಕೆಗೆ ನಿಜವಾದ ರುಚಿಯಿದ್ದದ್ದು ಎರಡನೆಯ ಪ್ರಶ್ನೆಯಲ್ಲಿ. ಯಾರ ಮನೆಯವರು ಎಂದು ಗೊತ್ತಾದ ಕೂಡಲೇ ಆಕೆ ದಾರ ಹಿಡಿದುಬಿಡುತ್ತಿದ್ದಳು. "ಸಾಲಗುಂದದಾಗ ಅಂದ್ರ್ಯಾ? ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಒಬ್ಬಾಂವ ಇದ್ದ, ತೂಕ ಮಾಡಬೇಕಾದ್ರ ಕೆಮ್ಮತಿದ್ದ, ಅವರ ಪೈಕೇನು?" ಬಂದವನು ಹೌದು ಎಂದರೆ ಮುಗಿಯಿತು. ಅವನ ಅಜ್ಜಿಯ ಮದುವೆಯಲ್ಲಿ ಯಾರು ಮುನಿಸಿಕೊಂಡು ಉಣ್ಣದೆ ಹೋದರು ಎಂಬಲ್ಲಿಗೆ ಮುಟ್ಟುವ ತನಕ ಅವನಿಗೆ ಹೊಳೆಯಿಲ್ಲ. ಒಮ್ಮೆ ಯಾರೋ ವಿಮೆ ಮಾಡಿಸುವವನು ಮಾತು ಬೆಳೆಯದಿರಲೆಂದು ತನ್ನ ಊರು ದಢೇಸುಗೂರು ಎಂದು ಸುಳ್ಳು ಹೇಳಿದ. ಆಕೆ ಅಲ್ಲಿಯ ಮನೆಗಳನ್ನು ಸಾಲಾಗಿ ಎಣಿಸತೊಡಗಿದಾಗ ಅವನು ಬೆವತು, ನಿಜ ಹೇಳಿ, ಹೊಳೆಗೆ ಹೋಗುವುದನ್ನೇ ಬಿಟ್ಟು ಬೈಕು ತಿರುಗಿಸಿದನಂತೆ. ಈ ಕತೆಯನ್ನು ನಾನು ಕಣ್ಣಾರೆ ಕಂಡಂತೆ ಹೇಳುತ್ತೇನೆ. ಆ ಹೊತ್ತಿಗೆ ನಾನು ಧಾರವಾಡದಲ್ಲಿ ಓದುತ್ತಿದ್ದೆನೋ ಏನೋ.

ಓದುವಾಗ ಜೊತೆಗಿದ್ದ ಗೆಳೆಯನೊಬ್ಬನನ್ನು ಊರಿಗೆ ಕರೆತಂದಿದ್ದೆ. ಅವನು ತಯಾರಾಗಿಯೇ ಬಂದಿದ್ದ. ಯಾವ ಮಂದಿ ಎಂದು ಕೇಳಿದಾಗ ಎದೆಯುಬ್ಬಿಸಿ, "ನಾನು ಮನುಷ್ಯ ಅಜ್ಜಿ," ಎಂದ.

ದೊಡ್ಡವ್ವ ಕೈಯಲ್ಲಿದ್ದ ಶೇಂಗಾಕಾಯಿ ಒಡೆದು ಬಾಯಿಗೆ ಹಾಕಿಕೊಂಡಳು. "ಅದು ಕಾಣಾಕತ್ತೈತಪ್ಪ. ಎಮ್ಮಿ ಇದ್ದಿದ್ರ ನಾ ಕೇಳ್ತಿದ್ದಿಲ್ಲ."

ಅವನು ನಕ್ಕ, ನಾನೂ ನಕ್ಕೆ. ನೀರು ಕುಡಿದೆವು. ಹೇಗೆ ಕುಡಿದೆವು ಎಂಬುದು ನೆನಪಿನಲ್ಲಿಲ್ಲ. ಆ ದಿನ ನೆನಪಿಡಬೇಕಾದದ್ದು ಆಕೆಯ ಮಾತು ಎಂದು ನಾವಿಬ್ಬರೂ ತಿಳಿದಿದ್ದೆವು.

ಮರಳಿನ ಮೇಲೆ ಮೊದಲು ಬಂದದ್ದು ಮದುವೆಯ ಫೋಟೊದವರು. ಆಮೇಲೆ ಯಾರೋ ಒಬ್ಬ, ಸಂಜೆಯ ಬಿಸಿಲಿನಲ್ಲಿ ಹೊಳೆಯ ಮರಳನ್ನು ಫೋನಿನಲ್ಲಿ ಹಿಡಿದು, ಹಿಂದೆ ಸಮುದ್ರದ ಸದ್ದು ಸೇರಿಸಿ, ನಮ್ಮ ಗೋವಾ ಎಂದು ಹಾಕಿದ. ಸಮುದ್ರ ಇಲ್ಲಿಂದ ಒಂದು ಹಗಲಿನ ದಾರಿ. ಆದರೆ ಗೋವಾ ಎಂದ ಮೇಲೆ ಮುಗಿಯಿತು. ರವಿವಾರ ಬಳ್ಳಾರಿ, ರಾಯಚೂರು, ಹೈದರಾಬಾದಿನ ನಂಬರಿನ ಕಾರುಗಳು ಹಾದಿಗೆ ಸಾಲು ಹಚ್ಚಿದವು. ಬೀಚಿಗೆ ಯಾವ ಕಡೆ ಎಂದು ಕೇಳುತ್ತಿದ್ದರು. ಊರ ಹುಡುಗರೂ ಬೀಚು ಎನ್ನತೊಡಗಿದರು. ಇಬ್ಬರು ಮೂವರು ಮಿರ್ಚಿ ಬಜ್ಜಿಯ ಬಂಡಿ ಇಟ್ಟರು. ಉಳಿದವರಿಗೆ ಸಿಕ್ಕಿದ್ದು ಒಡೆದ ಬಾಟಲಿಗಳು.

ಬಟ್ಟೆ ಒಗೆಯುವ ಬಂಡೆಗಳ ಮೇಲೆ ಗಂಡಸರು ಚಡ್ಡಿಯಲ್ಲಿ ಕೂತರೆ ಹೆಂಗಸರು ಎಲ್ಲಿಗೆ ಹೋಗಬೇಕು? ಊರ ಹೆಂಗಸರು ರವಿವಾರ ಹೊಳೆಗೆ ಹೋಗುವುದನ್ನು ಬಿಟ್ಟರು, ಆಮೇಲೆ ಶನಿವಾರವನ್ನೂ. ಗಾಜು ಚುಚ್ಚಿ ಅಮರೇಶನ ಎಮ್ಮೆಯ ಗೊರಸು ಕೊಳೆಯಿತು. ಎದುರಿನಿಂದ ಗಾಡಿ ಬಂದರೆ ಕಾರಿನವರು ಭತ್ತದ ಸಸಿಮಡಿಯ ಮೇಲೆ ಚಕ್ರ ಇಳಿಸುತ್ತಿದ್ದರು. ಕೇಳಿದರೆ, "ಹುಲ್ಲಿಗ್ಯಾಕ ಇಷ್ಟ್ ಒದರ್ತಿ?" ಎನ್ನುತ್ತಿದ್ದರು. ಊರವರೇನು ಸುಮ್ಮನಿರಲಿಲ್ಲ. ನಿಲ್ಲಿಸಿದ ಕಾರುಗಳ ಗಾಳಿ ಬಿಟ್ಟರು. ಗಾಜಿಗೆ ಸಗಣಿ ಬಳಿದರು. ಹಾದಿ ಬಳಸಿ ಸುತ್ತುವಂತೆ ಸುಳ್ಳು ದಾರಿ ತೋರಿಸಿದರು. "ಹೊಳಿ ನಿಮ್ಮಪ್ಪಂದೇನು?" ಎಂದು ಒಬ್ಬ ಕೇಳಿದ್ದಕ್ಕೆ ಅಮರೇಶ ಅವನ ಅಂಗಿ ಹಿಡಿದು, "ಹೊಳಿ ಅಲ್ಲಲೇ, ಹಾದಿ ನಮ್ಮಪ್ಪಂದು," ಎಂದದ್ದನ್ನು ನಾನೇ ನೋಡಿದೆ.

ದೊಡ್ಡವ್ವನಿಗೆ ಇದರಲ್ಲಿ ಎರಡೂ ಕಡೆಯವರದು ತಪ್ಪು ಕಾಣುತ್ತಿತ್ತು. ಬಂದವರು ಮಾತಾಡಿಸದೆ ಹೋಗುವುದು ತಪ್ಪು. ಊರವರು ಹೊಳೆಗೆ ಹೋಗುವವರಿಗೆ ಅಡ್ಡ ಬರುವುದು ಅದಕ್ಕಿಂತ ದೊಡ್ಡ ತಪ್ಪು. ಆಕೆ ಶೇಂಗಾದ ಮೊರವನ್ನು ಬದಿಗಿಟ್ಟು ಪ್ರತಿ ಕಾರಿನ ಹತ್ತಿರ ಹೋಗಿ ಬಾಗುತ್ತಿದ್ದಳು. ಅವರು ಗಾಜು ಏರಿಸುತ್ತಿದ್ದರು. ಹಾದಿಗೆ ಸುಂಕ ಕೇಳುತ್ತಿದ್ದಾಳೆ ಎಂದು ತಿಳಿದು ಕೆಲವರು ನೋಟು ಚಾಚುತ್ತಿದ್ದರು. ಆ ದಿನ ಆಕೆ ಉಣ್ಣುತ್ತಿರಲಿಲ್ಲ.

"ಬಿಟ್ಟುಬಿಡು ದೊಡ್ಡವ್ವ," ಎಂದೆ ಒಮ್ಮೆ. "ಇವರು ಆ ಮಂದಿ ಅಲ್ಲ. ಯಾವೂರಾದ್ರ ನಿನಗೇನು?"

"ಹೆಸರಿಲ್ಲದ ಮಂದಿ ಹೊಳಿಗೆ ಹೋದ್ರ ಹೆಂಗಪ್ಪ? ಹೋದಾಂವ ಹೊಳ್ಳಿ ಬರದಿದ್ರ ಯಾರಿಗೆ ಹೇಳಿ ಕಳಸ್ಲಿ ನಾನು?"

ಈ ಕಾರಣವನ್ನು ಆಕೆ ಮೊದಲಿನಿಂದಲೂ ನಂಬಿದ್ದಳೋ, ನನ್ನ ಬಾಯಿ ಮುಚ್ಚಿಸಲು ಅಲ್ಲೇ ಹುಡುಕಿಕೊಂಡಳೋ. ಆಮೇಲೆ ನಾನು ಇದನ್ನು ಆಕೆಯ ಪರವಾಗಿ ಬಹಳ ಕಡೆ ಹೇಳಿದ್ದೇನೆ. ಹೇಳಿ ಹೇಳಿ ಅದು ನನ್ನದೇ ಮಾತಿನ ಹಾಗೆ ಕೇಳಿಸತೊಡಗಿದೆ.

ಆಮೇಲೆ ಎಲ್ಲರ ಫೋನಿನಲ್ಲೂ ಓಡಾಡಿದ ಆಕೆಯ ವಿಡಿಯೊ ಆದದ್ದು ಹೀಗೆ, ಆಕೆ ಹೇಳಿದಂತೆ. ಲಿಂಗಸುಗೂರು ಕಡೆಯ ಹುಡುಗ ಹುಡುಗಿಯರು, ನೌಕರಿಯಲ್ಲಿದ್ದವರು. ಕಾರು ನಿಲ್ಲಿಸಿ ಗಾಜು ಇಳಿಸಿದರು. ಗಾಜು ಇಳಿಸಿದ್ದಕ್ಕೇ ಆಕೆಗೆ ಹಿಗ್ಗು. ಯಾವೂರು ಎಂದಳು, ಹೇಳಿದರು. ಯಾರ ಮನಿಯವರು ಎನ್ನುವಷ್ಟರಲ್ಲಿ ಹಿಂದೆ ಕೂತಿದ್ದ ಹುಡುಗಿ ಫೋನ್ ಎತ್ತಿ, "ಅಜ್ಜಿ, ಇನ್ನೊಮ್ಮೆ ಕೇಳ್ರಿ. ಪೂರ್ತಿ ಕೇಳ್ರಿ," ಎಂದಳು. ಆಗೀಗ ಬಿಟ್ಟುಬಿಡುತ್ತಿದ್ದ ಮೂರನೆಯ ಪ್ರಶ್ನೆಯನ್ನು ಆಕೆ ಆ ದಿನ ಬಿಡಲಿಲ್ಲ. ಫೋಟೊ ಹಿಡಿಯುವವರ ಮುಂದೆ ಮರ್ಯಾದೆಯಲ್ಲಿ ಕಡಿಮೆ ಬೀಳಬಾರದಲ್ಲ. ಸೆರಗನ್ನು ತಲೆಗೆ ಸರಿಮಾಡಿಕೊಂಡು, ಮದುವೆಮನೆಯಲ್ಲಿ ಬೀಗರನ್ನು ಮಾತಾಡಿಸುವ ದನಿಯಲ್ಲಿ, ಒಂದೊಂದನ್ನೇ ಬಿಡಿಸಿ ಕೇಳಿದಳು. "ಯಾಕ ಬೇಕಜ್ಜಿ ಅದು?" ಎಂದಳು ಹುಡುಗಿ. "ಗೊತ್ತಾಗಬೇಕಲ್ಲವ್ವ, ಮಂದಿ ಯಾರಂತ," ಎಂದು ದೊಡ್ಡವ್ವ ನಕ್ಕಳು. ವಿಡಿಯೊ ಆ ನಗುವಿಗೆ ನಿಲ್ಲುತ್ತದೆ. ಹೊಳೆಗೆ ಹೋಗಲು ಜಾತಿ ಹೇಳಬೇಕು ಎಂದು ಅದರ ಮೇಲೆ ಬರೆದಿದ್ದರು.

ನಾನು ಅದನ್ನು ನೋಡಿದ್ದು ಕಾಲೇಜಿನ ಸ್ಟಾಫ್ ರೂಮಿನಲ್ಲಿ. ತೋರಿಸಿದವನು ಅರ್ಥಶಾಸ್ತ್ರ ಕಲಿಸುವ ಗೆಳೆಯ, ಮಸ್ಕಿಯವನು. ಅವನ ಅಪ್ಪ ಅಂಚೆ ಇಲಾಖೆಯಲ್ಲಿದ್ದವರು. ಮನೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ. ನಾನೂ ಅವನೂ ಒಂದೇ ಡಬ್ಬಿಯಲ್ಲಿ ಉಣ್ಣುವವರು.

"ನಿಮ್ಮ ದೊಡ್ಡವ್ವ ಅಲ್ಲೇನೋ?"

"ಹೌದು. ಆದ್ರ ಆಕಿ ಕೇಳೂದು ಹಂಗಲ್ಲ..."

"ನನಗ ಗೊತ್ತೈತಿ ಹೆಂಗ ಕೇಳ್ತಾಳಂತ. ಅಪ್ಪನ ಜೋಡಿ ಸಂಕ್ರಮಣಕ್ಕ ಹೋಗಿದ್ದೆ ನಾನು. ನಮಗೂ ಕೇಳಿದ್ಲು. ಅಪ್ಪ ಹೇಳಿದ."

"ನೀರು ಕೊಟ್ಲಲ್ಲ?"

"ಕೊಟ್ಲು. ಬೊಗಸಿ ಹಿಡೀರಿ ಅಂದ್ಲು. ಮ್ಯಾಲಿಂದ ಹಾಕಿದ್ಲು."

"ಅದು ಎಲ್ಲಾರಿಗೂ ಹಂಗ ಹಾಕ್ತಿದ್ಲೋ. ಬ್ಯಾಸಿಗ್ಯಾಗ ಚರಿಗಿ ಎತ್ತಿ ಹುಯ್ಯೂದು..."

"ಸಂಕ್ರಮಣ ಬ್ಯಾಸಿಗಿ ಅಲ್ಲ," ಎಂದ. ಆಮೇಲೆ, "ಸ್ಟೀಲ್ ಗ್ಲಾಸಿನ್ಯಾಗ ಕೊಡ್ತಿದ್ಲು, ಗ್ಲಾಸಿಗೆ ಹುಣಸಿಹಣ್ಣು ಹಚ್ಚಿ ಬೆಳಗತಿದ್ಲು ಅಂತ ಹೋದ ವರ್ಷ ನೀನಾ ಹೇಳೀದಿ ನನಗ," ಎಂದ.

ಹೇಳಿದ್ದೆನೇ? ಹೇಳಿರಬೇಕು. ಹುಣಸೆಹಣ್ಣಿನ ಮಾತು ನನ್ನದೇ. ಆದರೆ ಸ್ಟೀಲನ್ನು ಯಾರೂ ಹುಣಸೆಹಣ್ಣಿನಿಂದ ಬೆಳಗುವುದಿಲ್ಲ, ಅದು ತಾಮ್ರಕ್ಕೆ. ಅಂದರೆ ನಾನು ಕುಡಿದದ್ದು ತಾಮ್ರದ ಚರಿಗೆಯಲ್ಲೇ? ಅಥವಾ ಎರಡೂ ಇದ್ದವೇ? ಎರಡು ಇದ್ದರೆ ಯಾವುದು ಯಾರಿಗೆ? ಅವನ ಎದುರು ಕೂತು ನಾನು ಇದನ್ನೆಲ್ಲ ಲೆಕ್ಕ ಹಾಕುತ್ತಿದ್ದೆ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

"ಅಪ್ಪ ಖುಷಿಯಿಂದನ ಕುಡದ್ನೋ," ಎಂದ. "ಎಷ್ಟು ತಣ್ಣಗೈತವ್ವ ಅಂದ. ಅದಕ್ಕ ನನಗ ಇನ್ನಾ ಸಿಟ್ಟು."

ನಾನು ಹಾಜರಿ ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದೆ.

ಮುಂದಿನ ರವಿವಾರ ಊರಿಗೆ ಹೋದಾಗ ಚಪ್ಪರದ ಮುಂದೆ ಜನ. ಹೊಳೆಗೆ ಬಂದವರಲ್ಲ, ಆಕೆಯನ್ನು ನೋಡಲು ಬಂದವರು. "ಅಜ್ಜಿ, ನಮಗೂ ಕೇಳ್ರಿ," ಎಂದು ಪಕ್ಕದಲ್ಲಿ ನಿಂತು ಫೋನ್ ಹಿಡಿಯುತ್ತಿದ್ದರು. ಒಬ್ಬ ಹುಡುಗ ತಾನೇ ಸೆರಗು ಹೊದ್ದವನಂತೆ ಟವೆಲ್ಲು ಹೊದ್ದು, "ಯಾವ ಮಂದಿ?" ಎಂದು ಆಕೆಯ ದನಿ ಮಾಡಿ ತೋರಿಸಿದ. ಎಲ್ಲರೂ ನಕ್ಕರು. ಬೈಯಲು ಬಂದವರೂ ಇದ್ದರು. ಅವರು ಕನಿಷ್ಠ ಆಕೆಯ ಮುಖ ನೋಡಿ ಮಾತಾಡುತ್ತಿದ್ದರು. ಎಲ್ಲರಿಗಿಂತ ಕೆಟ್ಟವರು ಬಿಳಿ ಅಂಗಿ ಹಾಕಿಕೊಂಡು ಶಾಲು ಹಾರ ತಂದವರು. "ಧೈರ್ಯ ಮೆಚ್ಚಬೇಕಮ್ಮ. ಕೇಳೂದ್ರಾಗ ತಪ್ಪೇನೈತ್ರಿ? ಹಿಂಗ ಕೇಳೋರು ಬೇಕು," ಎಂದರಂತೆ. ದೊಡ್ಡವ್ವ ಶಾಲನ್ನು ಮುಟ್ಟದೆ, "ನಾ ನೀರು ಕೊಡಾಕ ಕೇಳ್ತಿದ್ದೆ. ನೀವು ಯಾತಕ್ಕ ಕೇಳಸ್ತೀರಿ?" ಎಂದಳಂತೆ. ಇದನ್ನು ನನಗೆ ಹೇಳಿದ್ದು ಅಮರೇಶನ ಹೆಂಡತಿ. ದೊಡ್ಡವ್ವ ಹಾಗೆ ಹೇಳಿರಲಿ ಎಂದು ನನಗೆ ಬಹಳ ಆಸೆ. ಅದಕ್ಕೇ ಪೂರ್ತಿ ನಂಬಿಕೆ ಬರುವುದಿಲ್ಲ. ಶಾಲು ಮಾತ್ರ ಮಂಚದ ಕಾಲಿನ ಹತ್ತಿರ ಪ್ಲಾಸ್ಟಿಕ್ ಚೀಲದಲ್ಲೇ ಬಿದ್ದಿದ್ದನ್ನು ನೋಡಿದ್ದೇನೆ.

ಜನ ಕರಗಿದ ಮೇಲೆ ನಾನೂ ಕೇಳಿದೆ. "ದೊಡ್ಡವ್ವ, ನೀರು ಯಾತರಾಗ ಕೊಡ್ತಿದ್ದಿ?"

ಆಕೆ ಮೊರವನ್ನು ಬದಿಗಿಟ್ಟಳು.

"ನೀನೂ ಕೇಳಾಕ ಬಂದಿಯೇನು?"

"ಹಂಗಲ್ಲ. ಸುಮ್ನ..."

"ನಮ್ಮತ್ತಿ ಎರಡು ಇಟ್ಟಿದ್ಲು. ನಾ ಒಂದು ತಗದೆ."

"ಯಾವಾಗ?"

"ಯಾವಾಗಂತ ಹೇಳ್ಲೆಪ್ಪ. ತಗದೆ. ಅತ್ತಿ ಸತ್ತ ಮ್ಯಾಲ." ಮತ್ತೆ ತಾನೇ, "ಸತ್ತ ಕೂಡ್ಲೆ ಅಲ್ಲ," ಎಂದಳು.

ನಾನು ಮತ್ತೆ ಕೇಳಲಿಲ್ಲ. ಮಸ್ಕಿಯ ಗೆಳೆಯನ ಅಪ್ಪ ಬೊಗಸೆ ಹಿಡಿದದ್ದು ಆ ನಡುವಿನ ಕಾಲದಲ್ಲೋ, ಆಮೇಲೋ, ಯಾರು ಹೇಳಬೇಕು. ಅವನ ಅಪ್ಪ ಈಗಿಲ್ಲ.

ಅಂದಿನಿಂದ ಆಕೆ ಯಾರನ್ನೂ ಏನನ್ನೂ ಕೇಳಲಿಲ್ಲ. ಚಪ್ಪರದ ಕೆಳಗೆ ಕೂಡುತ್ತಿದ್ದಳು, ಕೈಯಲ್ಲಿ ಕೆಲಸವಿರುತ್ತಿತ್ತು, ಕಾರುಗಳು ಹೋಗುತ್ತಿದ್ದವು. ಕೊಡವನ್ನು ತುಂಬಿಡುತ್ತಿದ್ದಳು. ಕೇಳದೆ ಕೊಡುವುದು ಹೇಗೆಂದು ಆಕೆಗೆ ತಿಳಿಯಲಿಲ್ಲ ಎಂದು ಕಾಣುತ್ತದೆ. ಒಂದೆರಡು ಸಲ ಚರಿಗೆ ಹಿಡಿದು ಎದ್ದು ನಿಂತಳು, ಮತ್ತೆ ಕೂತಳು.

ದೀಪಾವಳಿಗೆ ಮುಂಚಿನ ಒಂದು ರವಿವಾರ ಕೈಮೀರಿತು. ಊರಿನ ಹುಡುಗಿಯೊಬ್ಬಳು ನೀರು ತರುತ್ತಿದ್ದಾಗ ಮರಳಿನ ಮೇಲಿದ್ದ ಯಾರೋ ಫೋನ್ ಹಿಡಿದರು. ಅವಳ ಅಣ್ಣ ಫೋನ್ ಕಸಿದು ನೀರಿಗೆ ಎಸೆದ. ಹೊಡೆದಾಟವಾಯಿತು. ಅವರ ಕಾರು ಹಾದಿಯಲ್ಲಿ ವಾಪಸ್ಸು ಬರುವಾಗ ಗದ್ದೆಯ ಕಡೆಯಿಂದ ಕಲ್ಲು ಬಂತು. ಮುಂದಿನ ಗಾಜು ಒಡೆದು ಒಳಗಿದ್ದ ಹೆಂಗಸಿನ ಹಣೆಗೆ ಚುಚ್ಚಿತು. ಕಾರು ಚಪ್ಪರದ ಮುಂದೆ ನಿಂತಿತು. ನಾನು ಅಲ್ಲೇ ಇದ್ದೆ. ದೊಡ್ಡವ್ವ ಕೊಡದ ನೀರಿನಲ್ಲಿ ಸೆರಗಿನ ತುದಿ ಅದ್ದಿ, ಇನ್ನೊಂದು ಕೈಯಲ್ಲಿ ಅರಿಸಿನ ಹಿಡಿದು, ಬಾಗಿಲ ಹತ್ತಿರ ಹೋದಳು. ಆ ಹೆಂಗಸು ತಲೆಯೆತ್ತಿ ನೋಡಿ, ಗುರುತು ಹಿಡಿದು, ಹಿಂದಕ್ಕೆ ಸರಿದಳು.

"ನೀವು ಮುಟ್ಟಬ್ಯಾಡ್ರಿ ನನ್ನ," ಎಂದಳು.

ದೊಡ್ಡವ್ವ ಕೈ ಹಿಂದೆ ತೆಗೆದುಕೊಂಡಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಾರು ಹೋಯಿತು.

ಪೊಲೀಸರು ಬಂದರು, ಅಮರೇಶನನ್ನೂ ಇನ್ನಿಬ್ಬರನ್ನೂ ಠಾಣೆಗೆ ಕರೆದೊಯ್ದು ಸಂಜೆಗೆ ಬಿಟ್ಟರು. ಮರುದಿನ ಊರವರು ಕೂಡಿ ಹಾದಿಯನ್ನು ಕಡಿದುಹಾಕುವುದೆಂದು ತೀರ್ಮಾನಿಸಿದರು. ಕೂಡಿದವರ ಬಾಯಲ್ಲಿ ಎಮ್ಮೆಯ ಗೊರಸೂ ಇರಲಿಲ್ಲ, ಸಸಿಮಡಿಯೂ ಇರಲಿಲ್ಲ. ನಮ್ಮೂರ ಅವ್ವನ ಮಾನ ಕಳದಾರ, ಅದಕ್ಕ ಹಾದಿ ಬಂದ್ ಎಂದರು. ಆಕೆಯನ್ನು ಮಾತ್ರ ಯಾರೂ ಕರೆದಿರಲಿಲ್ಲ.

ಜೆಸಿಬಿ ಬಂದ ದಿನ ಆಕೆ ಹಾದಿಯ ಅರ್ಧಕ್ಕೆ ಹೋಗಿ ನಿಂತಳು.

"ಬೇಲಿ ಹಚ್ಚಲೇ ಬೇಕಾದ್ರ. ಗೇಟ್ ಇಡು. ಅಗೀಬ್ಯಾಡ ಅಮರ್ಯಾ. ಅಗದಿದ್ದನ್ನ ಆಮ್ಯಾಲ ಯಾರೂ ಮುಚ್ಚೂದಿಲ್ಲ."

"ನಿನ್ನ ಮಾನಕ್ಕನ ಮಾಡಾಕತ್ತೀನಿ ದೊಡ್ಡವ್ವ. ಊರೆಲ್ಲಾ ನಿನ್ನ ಹಿಂದೈತಿ."

"ನನ್ನ ಮಾನ ಈ ಹಾದ್ಯಾಗ ಐತೋ. ಇದನ್ನ ಅಗದು ಏನು ಉಳಸ್ತಿ?"

"ನೀ ಸರಿ ಅತ್ತಾಗ. ಧೂಳು ಬಡೀತೈತಿ."

ಅಮರೇಶ ಕೆಟ್ಟವನಲ್ಲ. ಆಕೆಯ ತೋಳು ಹಿಡಿದು ಮೆಲ್ಲಗೆ ಬದಿಗೆ ಸರಿಸಿದ, ಬಿಸಿಲಿದೆಯೆಂದು ತನ್ನ ಟವೆಲ್ಲನ್ನು ತಲೆಗೆ ಹೊದಿಸಿದ. ಆಕೆ ಬದಿಗೆ ನಿಂತು ಕೊನೆಯ ತನಕ ನೋಡಿದಳು. ಹಾದಿಗೆ ಅಡ್ಡಲಾಗಿ ಆಳುದ್ದದ ಕಂದಕ. ಗದ್ದೆಯ ಬಸಿನೀರು ಸಂಜೆಯೊಳಗೆ ಅದರ ತಳಕ್ಕೆ ಕೂಡಿತು.

ಇದರಿಂದ ಕಾರುಗಳು ನಿಂತವೆಂದು ಹೇಳಲಾರೆ. ನೀರೆತ್ತುವ ಪಂಪಿನ ಮನೆಯ ಕಡೆಯಿಂದ, ಇನ್ನೊಬ್ಬರ ಗದ್ದೆ ಹಾಯ್ದು, ಅವರು ಬೇರೆ ದಾರಿ ಮಾಡಿಕೊಂಡರು. ಆ ಗದ್ದೆಯವನಿಗೂ ನಮ್ಮೂರವರಿಗೂ ಈಗ ಮಾತಿಲ್ಲ.

ಆಕೆಯ ಕೊನೆಯ ಸಂಕ್ರಮಣದ ದಿನ ನಾನು ಊರಲ್ಲಿದ್ದೆ. ಹೊಳೆಯ ಕಡೆಯಿಂದ ಸ್ಪೀಕರಿನ ಹಾಡು ಕೇಳಿಸುತ್ತಿತ್ತು. ಹೊತ್ತು ಏರುವಾಗ ಮಸ್ಕಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂತು. ವರ್ಷ ವರ್ಷವೂ ಬರುವ ಮನೆಯವರು. ಅವರಿಗೆ ಹಾದಿಯ ಸುದ್ದಿ ಗೊತ್ತಿರಲಿಲ್ಲ. ಚಪ್ಪರ ದಾಟಿ ಒಳಗೆ ಹೋಗಿ ಕಂದಕದ ಮುಂದೆ ನಿಂತರು. ದೊಡ್ಡವ್ವ ಹಿಂದೆಯೇ ನಡೆದುಕೊಂಡು ಹೋದಳು, ನಾನೂ ಅಮರೇಶನೂ ಹೋದೆವು. ಟ್ರಾಲಿಯ ತುಂಬ ಹೆಂಗಸರು, ಮಕ್ಕಳು, ಸಜ್ಜೆ ರೊಟ್ಟಿಯ ಗಂಟುಗಳು, ಪಲ್ಯದ ಪಾತ್ರೆಗಳು. ಆಕೆಯ ವಯಸ್ಸಿನವಳೇ ಒಬ್ಬಳು ಟ್ರಾಲಿಯ ಅಂಚು ಹಿಡಿದು ಬಾಗಿದಳು.

"ಯಕ್ಕಾ, ಹಾದಿಗೇನಾತು?"

"ಹೊರಗಿನ ಮಂದಿ ಬಾಳ ಬರಾಕತ್ತಿದ್ರವ್ವ. ಅದಕ್ಕ ಅಗದಾರ."

"ಹೌದಾ," ಎಂದಳು ಆ ಮುದುಕಿ. ಕಂದಕ ನೋಡಿದಳು. "ನಾವೂ ಹೊರಗಿನವರಾ ಅಲ್ಲೇನು ಮತ್ತ?"

ಸಿಟ್ಟಿನಿಂದ ಕೇಳಿದ್ದಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದಂತಿತ್ತು. ಅಮರೇಶ ಮುಂದೆ ಬಂದು, "ಹಲಗಿ ಹಾಕಿ ದಾಟಸ್ತೀವ್ರೀ, ನಡಕೊಂಡು ಹೋಗ್ರಿ," ಎಂದ. ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಆ ಮುದುಕಿಯ ಮಗ ತಲೆಯಲ್ಲಾಡಿಸಿದ. "ಬ್ಯಾಡ್ರೀ. ಮುದುಕರು ಅದಾರ. ಕಾಲಿವಿ ದಂಡಿಗೆ ಕುಂತು ಉಂಡು ಹೋಗ್ತೀವಿ. ನೀರು ಅಲ್ಲೂ ಐತಿ."

ತಿರುಗಿಸಲು ಜಾಗವಿರಲಿಲ್ಲ. ಎರಡೂ ಕಡೆ ಸಸಿಮಡಿ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಅಷ್ಟು ಕಿರಿದಾದ ಹಾದಿಯಲ್ಲಿ ಹಿಂದಕ್ಕೆ ತೆಗೆಯುವುದು ಸುಲಭವಲ್ಲ. ಅವನು ಕತ್ತು ಹೊರಳಿಸಿ ನೋಡುತ್ತ ಎರಡು ಸಲ ತಪ್ಪಿದ. ಆಗ ದೊಡ್ಡವ್ವ ಟ್ರಾಲಿಯ ಹಿಂದಕ್ಕೆ ಹೋಗಿ ಅವನಿಗೆ ಕಾಣುವಂತೆ ನಿಂತಳು. ಹಿಂದಿಂದಕ್ಕೆ ಹೆಜ್ಜೆ ಇಡುತ್ತ, ಎರಡೂ ಕೈ ಆಡಿಸುತ್ತ, "ಬರ್ಲಿ, ಬರ್ಲಿ, ಎಡಕ್ಕ ಒಂದೀಟು, ಹಾಂ, ಬರ್ಲಿ," ಎನ್ನತೊಡಗಿದಳು. ಟ್ರಾಲಿಯಲ್ಲಿದ್ದವರು ಗಂಟುಗಳನ್ನು ತೊಡೆಯ ಮೇಲೆ ಹಿಡಿದು ಆಕೆಯನ್ನೇ ನೋಡುತ್ತಿದ್ದರು. "ನಾ ಹೇಳ್ತೀನಿ ಬಾ ದೊಡ್ಡವ್ವ, ನೀ ಬಿಡು," ಎಂದ ಅಮರೇಶ. ಆಕೆಗೆ ಕೇಳಿಸಿತೋ ಇಲ್ಲವೋ. ಕಂದಕದಿಂದ ರಸ್ತೆಯ ತನಕ, ಒಂದು ಚಕ್ರವೂ ಸಸಿಯ ಮೇಲೆ ಇಳಿಯದಂತೆ, ಅವರನ್ನು ಹೊರಗೆ ತಂದಳು.

ಟ್ರ್ಯಾಕ್ಟರ್ ರಸ್ತೆಗೆ ಬಿದ್ದು ಕಾಲುವೆಯ ಕಡೆ ತಿರುಗಿತು. ಆ ಮುದುಕಿ ಕೈಯೆತ್ತಿದಳು ಎಂದು ಕಾಣುತ್ತದೆ. ದೊಡ್ಡವ್ವ ಅದನ್ನು ನೋಡಲು ನಿಲ್ಲಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.